ನಿನ್ನೆಯ ಸಾರು ಉಣ್ಣದ ಟೀಚರಮ್ಮ

"ಇದ್ ಯಾವಾಗ ಮಾಡಿದ್ದು?"

ಯಾರ ಮನೆಯಲ್ಲಿ ಊಟಕ್ಕೆ ಕೂತರೂ ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು ಇದು. ಬಡಿಸುವವರ ಕೈ ಸೌಟಿನ ಸಮೇತ ಅಲ್ಲೇ ನಿಂತುಬಿಡುತ್ತಿತ್ತು. "ಬೆಳಿಗ್ಗೆ" ಎಂದರೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಎಂಬ ಇನ್ನೊಂದು ಪ್ರಶ್ನೆ. "ಈಗ" ಎಂದರೆ ಸೌಟಿನಿಂದ ಹಬೆ ಏಳುತ್ತಿದೆಯೋ ಇಲ್ಲವೋ ಎಂದು ಒಂದು ನೋಟ. "ನೆನ್ನೆ" ಎಂದರೆ ಎಲೆಗೆ ಕೈ ಅಡ್ಡ. ನಮ್ಮೂರು ತಿಗನಾರೆಯಲ್ಲಿ ಊಟಕ್ಕೆ ಕೂತವರು ಉಪ್ಪು ಕಮ್ಮಿ ಅನ್ನುವುದಕ್ಕೂ ಹಿಂದೆಮುಂದೆ ನೋಡುತ್ತಾರೆ. ಅಂಥಲ್ಲಿ ಈಕೆ ಅಡುಗೆಯ ಜಾತಕ ಕೇಳುತ್ತಿದ್ದರು.

ಅವರು ಹೋಗಿ ವರ್ಷವಾಗುತ್ತ ಬಂತು. ಹೆಸರು ಬರೆಯುವುದಿಲ್ಲ. ಬದುಕಿರುವ ತನಕ ಮುಚ್ಚಿಟ್ಟುಕೊಂಡಿದ್ದ ಒಂದು ವಿಷಯವನ್ನು ನಾನು ಬಿಚ್ಚಲು ಹೊರಟಿದ್ದೇನೆ, ಹೆಸರಾದರೂ ಅವರ ಹತ್ತಿರವೇ ಇರಲಿ. ಊರಿಗೆ ಅವರು ಟೀಚರಮ್ಮ. ಕೊಳ್ಳೇಗಾಲದ ಕಡೆಯ ಹೆಣ್ಣು, ನಮ್ಮ ಪಕ್ಕದ ಮನೆಗೆ ಸೊಸೆಯಾಗಿ ಬಂದು, ತಾಳವಾಡಿಯ ಕನ್ನಡ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ನನಗೆ ಅಕ್ಕ.

ನನ್ನದು ತಾಳವಾಡಿ ತಾಲ್ಲೂಕಾಫೀಸಿನಲ್ಲಿ ಕೆಲಸ. ಆದಾಯದ ಸರ್ಟಿಫಿಕೇಟು ಕೇಳಿ ಬಂದವರ ಆದಾಯವನ್ನೂ ವಾಸದ ಸರ್ಟಿಫಿಕೇಟು ಕೇಳಿ ಬಂದವರ ವಾಸವನ್ನೂ ಅನುಮಾನಿಸುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಅದಕ್ಕೆ ಮೊದಲೂ ನಾನು ಹೀಗೇ ಇದ್ದೆ ಅನ್ನುವುದು ಬೇರೆ ಮಾತು. ನಮ್ಮತ್ತೆ ಬದುಕಿದ್ದಾಗ ಬಂದವರ ಮುಂದೆಲ್ಲ, "ನಮ್ ಸೊಸೆ ಆಲು ಉಕ್ಕಿದ್ರೂ ಯಾಕುಕ್ದೆ ಅಂತ ಆಲ್ನೇ ಇಚಾರ್ಣೆ ಮಾಡ್ತಾಳ ಕಣವ್ವಾ" ಅನ್ನುತ್ತಿದ್ದರು. ಇಂಥವಳ ಪಕ್ಕದ ಮನೆಗೆ ಇಂಥವರು ಬಂದು ಸೇರಿದ್ದು ನೋಡಿ, ನನಗೆ ಕೂತಲ್ಲೇ ಕೆಲಸ ಸಿಕ್ಕಿದಂತಾಯಿತು.

ನನ್ನ ಮೊದಲ ಅನುಮಾನ ಕುಡಿತದ್ದು. ಆಕೆ ಜಗಲಿಯಿಂದ ಒಮ್ಮೆಗೇ ಏಳುತ್ತಿರಲಿಲ್ಲ. ಮೊದಲು ಕಾಲು ಕೆಳಗೆ ಬಿಟ್ಟು ಅಂಚಿಗೆ ಬಂದು ಕೂರುವರು. ಆಮೇಲೆ ಕಂಬ ಹಿಡಿದು ನಿಲ್ಲುವರು. ನಿಂತ ಮೇಲೂ ಕಣ್ಣು ಮುಚ್ಚಿ, ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುವವರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ ಹೆಜ್ಜೆ ಇಡುವರು. ಜೊತೆಗೆ ಕೈಬಿಡದ ಒಂದು ನೀರಿನ ಬಾಟಲಿ. ಮಾತಿನ ನಡುವೆ ಗುಟುಕು, ಪಾಠದ ನಡುವೆ ಗುಟುಕು. ಒಂದು ದಿನ ಬಸ್ಸಿನಲ್ಲಿ ನನಗೆ ಭಾರಿ ಬಾಯಾರಿಕೆ ಎಂದು ನಟಿಸಿ ಅದನ್ನು ಇಸಿದುಕೊಂಡು ಕುಡಿದೆ. ಬರಿ ನೀರು. ಅಷ್ಟಕ್ಕೇ ನನ್ನ ಅನುಮಾನ ಹೋಗಲಿಲ್ಲ, ಇವತ್ತು ಮಾತ್ರ ನೀರು ತಂದಿರಬೇಕು ಅಂದುಕೊಂಡೆ.

ಎರಡನೆಯ ಅನುಮಾನ ನನ್ನೊಬ್ಬಳದಲ್ಲ, ಊರಿನದು. ಟೀಚರಮ್ಮನಿಗೆ ದಿಮಾಕು. ಇದನ್ನು ಹೆಚ್ಚು ಹರಡಿದವಳು ಅವರ ನಾದಿನಿ ರತ್ನಮ್ಮ. ಗಂಡನ ತಂಗಿ, ಇದೇ ಊರಿಗೆ ಕೊಟ್ಟಿದ್ದರು, ನನ್ನ ವಯಸ್ಸಿನವಳು. ನೆಲ ಗುಡಿಸುತ್ತಲೇ ಬೀದಿಗೆಲ್ಲ ಕೇಳುವಂತೆ ಮಾತಾಡುವ ಗಂಟಲು ಅವಳದು. ಅಣ್ಣನ ಮನೆಗೆಂದು ಅಡುಗೆ ಹೊತ್ತು ತರುವಳು, ಅತ್ತಿಗೆ ಅದೇ ಪ್ರಶ್ನೆ ಕೇಳುವರು, ಅವಳು ಪಾತ್ರೆ ಕುಕ್ಕಿ ನಮ್ಮ ಮನೆಗೆ ಬರುವಳು. "ನಾನೇನ್ ಬೀದಿಲಿ ಬಿದ್ದಿದ್ನ ತಂದ್ಕೊಟ್ನಾ? ನಮ್ಮನೆ ಅನ್ನ ಇವ್ರ್ ಗಂಟ್ಲಲ್ಲಿ ಇಳಿಯಾಕಿಲ್ವಂತೆ" ಎಂದು ಕಣ್ಣು ಒರೆಸಿಕೊಳ್ಳುವಳು. ಅವಳದು ಕೋಪವೋ ದುಃಖವೋ ಎಂದು ನಾನು ಅದನ್ನೂ ಅನುಮಾನದಿಂದಲೇ ನೋಡುತ್ತಿದ್ದೆ.

ಆದರೆ ಊರು ದಿಮಾಕಿಗೇ ನಿಲ್ಲಲಿಲ್ಲ. ನಮ್ಮ ಕಡೆ ಒಂದು ಹಳೆಯ ಭಯವಿದೆ. ಆಗದವರು ಊಟದಲ್ಲಿ ಗೊತ್ತಾಗದ ಹಾಗೆ ಮದ್ದಿಕ್ಕುತ್ತಾರೆ, ತಿಂದವರು ದಿನೇದಿನೇ ಒಣಗಿ ಕಡ್ಡಿಯಾಗುತ್ತಾರೆ ಎಂಬ ಭಯ. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಅಲ್ಲಲ್ಲಿ ಇದ್ದಾರೆ. ಹೀಗಿರುವಾಗ ಬಡಿಸಿದ್ದನ್ನು ವಿಚಾರಿಸಿ ಉಣ್ಣುವುದೆಂದರೆ, ನೀನು ಮದ್ದಿಕ್ಕಿದ್ದೀಯೆ ಎಂದು ಮುಖದ ಮೇಲೆ ಹೇಳಿದಂತೆಯೇ. ಇನ್ನೂ ಕೆಲವರು ಒಂದು ಹೆಜ್ಜೆ ಮುಂದೆ ಹೋದರು. ಮದ್ದಿಕ್ಕುವ ಕಸುಬು ಇರುವವರೇ ಬೇರೆಯವರ ಮನೆಯಲ್ಲಿ ಉಣ್ಣುವುದಿಲ್ಲವಂತೆ, ತಮಗೂ ಯಾರಾದರೂ ಇಕ್ಕಿಯಾರೆಂದು.

ಲೆಕ್ಕ ಸರಿ ಮಾಡಿದ ಮಕ್ಕಳಿಗೆ ಅವರು ಕಡಲೆಮಿಠಾಯಿ ಕೊಡುತ್ತಿದ್ದರು. ಒಂದು ದಿನ ಒಬ್ಬ ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡು, "ನಮ್ಮವ್ವ ಬ್ಯಾಡ ಅಂದದ ಟೀಚರ್" ಎಂದಳಂತೆ. ಯಾಕೆ ಎಂದು ಅವರು ಕೇಳಲಿಲ್ಲ. ಮಾರನೆಯ ದಿನದಿಂದ ಬಹುಮಾನವಾಗಿ ಬಣ್ಣದ ಸೀಮೆಸುಣ್ಣದ ತುಂಡು ಕೊಡತೊಡಗಿದರು. ತಿನ್ನುವಂಥದ್ದಲ್ಲವಲ್ಲ. ಮಕ್ಕಳು ಅದಕ್ಕೂ ಕಿತ್ತಾಡಿದರು, ನಮ್ಮೂರಿನ ಗೋಡೆಗಳ ಮೇಲೆಲ್ಲ ಗುಲಾಬಿ, ಹಳದಿ ಬಣ್ಣದ ಭಾಗಾಕಾರಗಳು ಮೂಡಿದವು.

ಇನ್ನೊಂದು ಅನುಮಾನ ನನ್ನದೇ ಖಾಸಗಿ. ಆಗಾಗ ಒಂದು ಶನಿವಾರ ಆಕೆ ಒಳ್ಳೆಯ ಸೀರೆ ಉಟ್ಟು ಚಾಮರಾಜನಗರದ ಬಸ್ಸು ಹತ್ತುವರು. ಕೇಳಿದರೆ "ತಂಗಿ ಮನೆಗೆ." ತಂಗಿ ಇರುವುದು ಕೊಳ್ಳೇಗಾಲದಲ್ಲಿ. ಒಂದು ಸಲ ನಾನು ಮದುವೆ ಮುಗಿಸಿಕೊಂಡು ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ, ಮೈಸೂರಿನ ಬಸ್ಸಿನಿಂದ ಅಕ್ಕ ಇಳಿಯುತ್ತಿದ್ದಾರೆ. ಬಿಡುವುದುಂಟೆ? ಎದುರಿಗೇ ಹೋಗಿ ನಿಂತೆ.

"ಕೊಳ್ಳೇಗಾಲದ ಬಸ್ಸು ಆ ಕಡೆ ಅಲ್ವಾ ಅಕ್ಕ ನಿಲ್ಲದು?"

"ತಾಲ್ಲೂಕಾಪೀಸಿನೋರು ಇಲ್ಲೂ ತಪಾಸ್ಣೆ ಇಟ್ಕಂಡಿದಿರಾ?" ಅಂದರು. ನಗಲಿಲ್ಲ. ತಾಳವಾಡಿಯ ಬಸ್ಸಿನಲ್ಲಿ ನನ್ನ ಪಕ್ಕಕ್ಕೇ ಬಂದು ಕೂತರು. ಊರು ಮುಗಿದು ಕಾಡು ಶುರುವಾದ ಮೇಲೆ, "ನೀನು ಇನ್ನೂ ಕೆಟ್ಟದ್ದು ಏನೋ ಊಯಿಸ್ಕತಿಯೆ. ಅದ್ಕಿಂತ ನಾನೇ ಯೋಳದು ವಾಸಿ" ಎಂದು ಚೀಲದಿಂದ ಒಂದು ಮಾತ್ರೆ ಪಟ್ಟಿ ತೆಗೆದು ನನ್ನ ಮಡಿಲಿಗೆ ಹಾಕಿದರು.

ನಮ್ಮೂರಿಗೆ ಬರುವುದಕ್ಕೆ ಮುಂಚೆ, ಬೇರೊಂದು ಶಾಲೆಯಲ್ಲಿ ಇದ್ದಾಗ ಶುರುವಾದದ್ದಂತೆ. "ಬೋರ್ಡಲ್ಲಿ ಲೆಕ್ಕ ಬರೀತಿದ್ದೆ. ಅರ್ದುಕ್ಕೆ ನಿಂತೋಯ್ತು. ಮುಂದಿಂದು ಗೊತ್ತಿತ್ತು ಕಣಮ್ಮ, ಮರ್ತಿರ್ಲಿಲ್ಲ. ಬರ್ದು ಏನಾಗ್ಬೇಕು ಅನ್ನುಸ್ತು. ಮಕ್ಳು ಕಾಯ್ತಾ ಕೂತವೆ, ನಾನು ಸೀಮೆಸುಣ್ಣ ಇಡ್ಕಂಡು ನಿಂತಿವ್ನಿ. ಬೆಲ್ ಒಡೀತು. ಇನ್ನೊಬ್ರು ಟೀಚರ್ ಬಂದ್ರು. ನಾ ಅಲ್ಲೇ."

ಮೈಸೂರಿನ ಡಾಕ್ಟರು ಅದಕ್ಕೆ ಖಿನ್ನತೆ ಎಂದು ಹೆಸರಿಟ್ಟು ಮಾತ್ರೆ ಬರೆದರು. ಸಾಧಾರಣವಾಗಿ ಎಲ್ಲರಿಗೂ ಕೊಡುವಂಥದ್ದು ಇವರಿಗೆ ಹಿಡಿಯಲಿಲ್ಲ. ಬದಲಿಸಿ ಕೊಟ್ಟ ಒಂದು ಮಾತ್ರೆ ಹಸಿವನ್ನು ಎಬ್ಬಿಸಿತು, ನಿದ್ದೆಗಣ್ಣಲ್ಲೇ ಅಡುಗೆಮನೆಗೆ ಹೋಗಿ ಬೆಲ್ಲದ ಡಬ್ಬಿ ಖಾಲಿ ಮಾಡುವುದು, ರವಿಕೆಗಳೆಲ್ಲ ಬಿಗಿ. ಇನ್ನೊಂದು ನಿದ್ದೆ ಕೊಟ್ಟಿತು, ಆ ನಿದ್ದೆ ಮೊದಲ ಪಿರಿಯಡ್ ಆದರೂ ಮುಗಿಯುತ್ತಿರಲಿಲ್ಲ. ಕೊನೆಗೆ ಡಾಕ್ಟರು, ಬೇರೆ ಯಾವುದಕ್ಕೂ ಬಗ್ಗದವರಿಗೆ ಮಾತ್ರ ಕೊಡುವ ಒಂದು ಹಳೆಯ ಬಗೆಯ ಮಾತ್ರೆಯ ಮಾತು ತೆಗೆದರು. ಈಗ ಹೆಚ್ಚಿನವರು ಅದನ್ನು ಬರೆಯುವುದೇ ಇಲ್ಲವಂತೆ, ಏಕೆಂದರೆ ಅದರ ಜೊತೆ ದೊಡ್ಡ ಪಥ್ಯವಿದೆ. ಒಣಗಿಸಿ ಇಟ್ಟದ್ದು, ತೀರ ಹುಳಿ ಬರಿಸಿದ್ದು, ನಿನ್ನೆಯ ಬಾಡು, ನಿನ್ನೆಯ ಮೀನು ಬಾಯಿಗೆ ಹಾಕುವ ಹಾಗಿಲ್ಲ. ಅಂಥದ್ದರಲ್ಲಿ ಹುಟ್ಟುವ ಒಂದು ಅಂಶವನ್ನು ನಿಮ್ಮ ನಮ್ಮ ಮೈ ಸುಮ್ಮನೆ ಅರಗಿಸಿಕೊಳ್ಳುತ್ತದೆ. ಈ ಮಾತ್ರೆ ನುಂಗುವವರ ಮೈಗೆ ಆಗುವುದಿಲ್ಲ. ರಕ್ತದೊತ್ತಡ ಒಮ್ಮೆಗೇ ಏರಿ ತಲೆಯೊಳಗಿನ ನರ ಒಡೆಯಲೂಬಹುದು.

ನಾನು ಆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. "ಉಣ್ಣದ್ನೇ ಬುಡುಸೋ ಮಾತ್ರೆ ಅದ್ಯಾವ ಮಾತ್ರೆ ಅಕ್ಕ? ನಂಗೇನೋ ನಂಬ್ಕೆ ಬರದಿಲ್ಲ."

"ನಂಗೂ ಇರ್ಲಿಲ್ಲ. ನುಂಗ್ತಾ ನುಂಗ್ತಾ ಒಂದಿನ ಕನ್ನಡಿ ಮುಂದೆ ಕೂತು ತಲೆ ಬಾಚ್ಕತಿದ್ದೆ. ಬಾಚಿ ಮುಗುಸ್ದ್ಮೇಲೆ ಗ್ಯಾನ ಬತ್ತು, ಬಾಚ್ಕ ಅಂತ ಯಾರೂ ಯೋಳಿರ್ಲಿಲ್ಲ." ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. "ಕರವಾಡು ಒಂದು ಓಯ್ತು. ಮಿಕ್ಕಿದ್ದೆಲ್ಲ ವಾಪಸ್ ಬತ್ತು."

ಕರವಾಡು ಅಂದರೆ ಉಪ್ಪು ಹಾಕಿ ಒಣಗಿಸಿದ ಮೀನು. ಅವರ ತಾಯಿ ಅದರ ಸಾರು ಮಾಡಿದರೆ ಆ ದಿನ ಯಾರಿಗೂ ಬಡಿಸುತ್ತಿರಲಿಲ್ಲವಂತೆ. ಒಂದು ರಾತ್ರಿ ಮಣ್ಣಿನ ಮಡಕೆಯಲ್ಲಿ ಬಿಟ್ಟು, ಹುಳಿ ಖಾರ ಮೀನಿಗೆ ಹಿಡಿದ ಮೇಲೆ, ಮಾರನೆಯ ದಿನ ಬಿಸಿ ಮುದ್ದೆಗೆ. ಅದನ್ನು ಹೇಳುವಾಗ ಅವರ ಗಂಟಲು ಆಡಿದ್ದನ್ನು ನೋಡಿದೆ. ತಾಳವಾಡಿ ಸಂತೆಯಲ್ಲಿ ಆಕೆ ಕರವಾಡಿನ ಅಂಗಡಿ ಮುಂದೆ ನಿಂತು ಬೆಲೆ ಕೇಳಿ, ಏನೂ ಕೊಳ್ಳದೆ ಹೋಗುತ್ತಿದ್ದುದು ನನಗೆ ಬಹಳ ದಿನದ ಒಗಟಾಗಿತ್ತು. ಅದನ್ನೂ ಕೇಳಿಯೇ ಬಿಟ್ಟೆ. "ಮೂಗಿಗೆ ಪಥ್ಯ ಯೋಳಿಲ್ವಲ್ಲ ಡಾಕ್ಟ್ರು" ಅಂದರು. ಆಗ ನಕ್ಕರು.

"ಊರ್ಗೆ ಯೋಳ್ಬುಡಿ ಅಕ್ಕ. ಮದ್ದು ಗಿದ್ದು ಅಂತ ಏನೇನೋ ಆಡ್ಕತಾವ್ರೆ."

"ಏನಂತ ಯೋಳ್ಲಿ? ಟೀಚರಮ್ಮ ತಲೆ ಮಾತ್ರೆ ತಿಂತಾಳೆ ಅಂತ್ಲಾ? ನಾಳಿಂದ ಯಾವ ತಾಯಿ ತನ್ ಮಗೀನ ನನ್ ಕ್ಲಾಸಿಗೆ ಕಳುಸ್ತಾಳೆ? ದಿಮಾಕು ಅನ್ಕಳ್ಳಿ ಬುಡು. ದಿಮಾಕಿನೋರ್ ಹತ್ರ ಲೆಕ್ಕ ಕಲಿಯಕ್ಕೆ ಯಾರ್ಗೂ ಬಯ ಇಲ್ಲ." ಗಂಡನಿಗೆ ಎಲ್ಲ ಗೊತ್ತು, ಮದುವೆಗೆ ಮೊದಲೇ ಹೇಳಿದ್ದರು. ಅದು ಬಿಟ್ಟರೆ ನಾನೊಬ್ಬಳು. ನನ್ನಿಂದ ಆಣೆ ಭಾಷೆ ಏನೂ ತೆಗೆದುಕೊಳ್ಳಲಿಲ್ಲ. ಅನುಮಾನದವರು ಬಾಯಿ ಬಿಗಿ ಇರುತ್ತಾರೆ ಎಂದು ಅವರಿಗೆ ಹೇಗೆ ಗೊತ್ತಿತ್ತೋ.

ನಾನು ಅಷ್ಟಕ್ಕೇ ನಂಬಿದೆ ಅಂದುಕೊಂಡರೆ ನನ್ನನ್ನು ನೀವು ಅರ್ಥ ಮಾಡಿಕೊಂಡಿಲ್ಲ. ಸತ್ಯಮಂಗಲಕ್ಕೆ ಹೋಗಿದ್ದಾಗ ಒಬ್ಬ ಡಾಕ್ಟರ ಬಳಿ, "ನಮ್ಮ ನೆಂಟರೊಬ್ಬರು" ಎಂದು ಶುರುಮಾಡಿ ಮಾತ್ರೆಯ ಹೆಸರು ಹೇಳಿ ವಿಚಾರಿಸಿದೆ. ನೆಂಟರು ನಾನೇ ಇರಬೇಕೆಂದು ಆತನ ಅನುಮಾನ, ಬಹಳ ಮೃದುವಾಗಿ ಮಾತಾಡಿದರು. ಪಥ್ಯದ ಮಾತು ನಿಜ. ಎದ್ದು ನಿಂತಾಗ ತಲೆ ಸುತ್ತುವುದು, ಬಾಯಿ ಒಣಗುವುದು, ನಿದ್ದೆ ತೆಳ್ಳಗಾಗುವುದು ಇದೆಲ್ಲ ಆ ಮಾತ್ರೆಯದೇ. ಶೀತದ ಮಾತ್ರೆ, ಕೆಮ್ಮಿನ ಸಿರಪ್ಪನ್ನೂ ಕೇಳದೆ ತೆಗೆದುಕೊಳ್ಳುವ ಹಾಗಿಲ್ಲ. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬೇಡಿ ಎಂದು ನನ್ನ ಮುಖ ನೋಡಿ ಎರಡು ಸಲ ಹೇಳಿದರು. ಕಂಬ, ಬಾಟಲಿ, ಕಣ್ಣು ಮುಚ್ಚಿ ನಿಲ್ಲುವುದು, ನನ್ನ ಅನುಮಾನಗಳೆಲ್ಲ ನಾನು ಆ ಕುರ್ಚಿಯಲ್ಲಿ ಕೂತಿರುವಾಗಲೇ ಕರಗಿಹೋದವು. ಸ್ವಲ್ಪ ಬೇಜಾರೂ ಆಯಿತು.

ಅವರ ಯಜಮಾನರ ಬಗ್ಗೆ ಒಂದು ಮಾತು ಹೇಳಬೇಕು. ಮಾತು ಕಮ್ಮಿಯ ಮನುಷ್ಯ, ಹಗಲೆಲ್ಲ ಹೊಲ, ಬೆಳೆ ಬಂದಾಗ ಆನೆ ಕಾಯಲು ಅಟ್ಟಣೆ. ಆತನಿಗೂ ಕರವಾಡೆಂದರೆ ಪ್ರಾಣ. ತಂಗಿ ಕೊಟ್ಟ ಸಾರನ್ನು ಡಬ್ಬಿಯಲ್ಲಿ ಹೊಲಕ್ಕೇ ಒಯ್ದು, ಅಲ್ಲೇ ಉಂಡು, ಅಲ್ಲೇ ಬಾಯಿ ತೊಳೆದು ಬರುವರು. ಹೆಂಡತಿಯ ಕಣ್ಣು ತಪ್ಪಿಸಿ ತಿನ್ನುವ ಗಂಡಸೆಂದು ನಾನು ಒಂದು ಕಾಲದಲ್ಲಿ ನಕ್ಕಿದ್ದುಂಟು.

ಇನ್ನು ಒಂದು ವರ್ಷದ ಎಡೆ ಹಬ್ಬದ ಕಥೆ. ಪಿತೃಪಕ್ಷದಲ್ಲಿ ಸತ್ತ ಹಿರಿಯರಿಗೆ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಮಾಡಿ ಎಲೆಯ ಮೇಲೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕಾಯುತ್ತೇವೆ. ಅವರು ಬಂದು ಉಂಡು ಹೋದ ಮೇಲೆ ಆ ಎಡೆಯನ್ನು ಮನೆಯವರೆಲ್ಲ ಹಂಚಿಕೊಂಡು ಉಣ್ಣಬೇಕು. ಮನೆಯವರೊಬ್ಬರು ಮುಟ್ಟದಿದ್ದರೂ ಹಿರಿಯರು ಮುನಿಯುತ್ತಾರೆ. ಟೀಚರಮ್ಮನ ಮಾವನಿಗೆ ಇಷ್ಟವಾದದ್ದು ಕರವಾಡಿನ ಸಾರು. ರತ್ನಮ್ಮ ಪ್ರತಿವರ್ಷ ತೌರಿಗೆ ಬಂದು ಅದನ್ನು ಮಾಡುವಳು, ಅತ್ತಿಗೆ ಪ್ರತಿವರ್ಷ ಅದನ್ನು ಮುಟ್ಟದೆ ಬರಿ ಅನ್ನ ಪಾಯಸ ಉಂಡು ಏಳುವರು. ಆ ವರ್ಷ ಆನೆಗಳು ಅವರ ಜೋಳದ ಹೊಲ ಬಿಟ್ಟು ಕದಲಿರಲಿಲ್ಲ. ಅಕ್ಕಪಕ್ಕದ ಹೊಲಗಳಿಗೆ ಏನೂ ಆಗಿರಲಿಲ್ಲ. ರತ್ನಮ್ಮನಿಗೆ ಕಾರಣ ಹೊಳೆಯಿತು.

ಎಡೆಯ ಮಾರನೆಯ ದಿನ ಭಾನುವಾರ. ನಾನು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ. ಪಕ್ಕದ ಮನೆಯಿಂದ ಯಜಮಾನರ ಧ್ವನಿ, ಆತ ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಓಡಿದೆ. ಅಕ್ಕ ಗೋಡೆಗೆ ಒರಗಿ ಎರಡೂ ಕೈಯಲ್ಲಿ ಹಿಂದಲೆ ಹಿಡಿದುಕೊಂಡಿದ್ದಾರೆ. ಮುಖ ಕೆಂಪು, ಸೀರೆಯೆಲ್ಲ ಬೆವರಿಗೆ ಒದ್ದೆ. ಎದೆ ಡಬಡಬ ಹೊಡೆಯುತ್ತಿದೆ ಎಂದು ಸನ್ನೆ ಮಾಡಿದರು. ಆಮೇಲೆ ವಾಂತಿ.

ರತ್ನಮ್ಮ ಬೆನ್ನು ನೀವುತ್ತ, "ಬರ್ಲಿ ಬುಡಿ, ಆಚ್ಗೆ ಬರ್ಲಿ. ಯಾರೋ ಇಕ್ಕಿದ್ ಮದ್ದು ಇವತ್ತು ಕಿತ್ಕಂಡು ಬತ್ತಾ ಅದ. ನಮ್ಮಪ್ಪನ ಎಡೆಗೆ ಅದು ತಡ್ಕತದಾ?" ಅಂದಳು. ಅವಳ ಮುಖದಲ್ಲಿ ಗೆಲುವಿತ್ತು. ಮದ್ದು ತೆಗೆಯುವವನ ಹತ್ತಿರ ಈಗಲೇ ಕರೆದೊಯ್ದರೆ ಪೂರ್ತಿ ಹೋಗುತ್ತದೆ ಎಂದು ಅಣ್ಣನನ್ನು ಆಗಲೇ ಅವಸರ ಮಾಡುತ್ತಿದ್ದಳು.

ಅಪ್ಪನ ಎಡೆ ಎಂದದ್ದು ನನ್ನ ಕಿವಿಗೆ ಚುಚ್ಚಿತು. "ಅಕ್ಕ ಏನ್ ಉಂಡ್ರು?" ಎಂದು ಕೇಳಿದೆ.

"ಉರ್ಳಿಕಾಳು ಸಾರು. ಈಗ್ಲೇ ಮಾಡಿದ್ದು, ಒಲೆಯಿಂದ ಇಳ್ಸಿ ಅಂಗೇ ಇಕ್ದೆ. ಅತ್ಗೆನೇ ಕೇಳ್ಕಂಡು ಉಂಡದ."

ಅಡುಗೆಮನೆಗೆ ಹೋದೆ. ಹುರುಳಿ ಸಾರಿನ ಪಾತ್ರೆ ಇನ್ನೂ ಬಿಸಿ ಇತ್ತು. ಬೆಳ್ಳುಳ್ಳಿ 'ಘಂ' ಎನ್ನುವ ಒಗ್ಗರಣೆ. ಇಷ್ಟೊಂದು ಬೆಳ್ಳುಳ್ಳಿ ಯಾಕೆ ಎಂದು ಅನುಮಾನ ಬಂತು. ಸೌಟಿನಲ್ಲಿ ತಳ ಕೆದಕಿ ಅಂಗೈಗೆ ಸುರಿದುಕೊಂಡು ಬೆರಳಾಡಿಸಿದೆ. ಕಾಳಿನ ನಡುವೆ ಸಿಕ್ಕಿತು. ಅದನ್ನು ಹಿಡಿದುಕೊಂಡು ಹೊರಗೆ ಬಂದೆ.

"ಉರ್ಳಿಕಾಳಿಗೆ ಮೀನ್‌ಮುಳ್ಳು ಎಲ್ಲಿಂದ ಬತ್ತು ರತ್ನಮ್ಮ?"

ಅವಳ ಕೈ ಅತ್ತಿಗೆಯ ಬೆನ್ನ ಮೇಲೇ ನಿಂತಿತು. "ಒಂದೇ ಒಂದು ಸೌಟು" ಅಂದಳು. "ರಾತ್ರಿ ಎಡೆಗಿಟ್ಟಿದ್ದ ಸಾರು. ಅಪ್ಪನ ಪ್ರಸಾದ ವೊಟ್ಟೆಗೋದ್ರೆ ಮನೆ ಸರ್ಯಾಯ್ತದ ಅಂತ. ಗೊತ್ತಾದ್ರೆ ಉಣ್ಣಾಕಿಲ್ವಲ್ಲ." ಅಕ್ಕನಿಗೆ ಎರಡು ದಿನದಿಂದ ಶೀತ, ಮೂಗು ಕಟ್ಟಿತ್ತು. ಶೀತದ ಮಾತ್ರೆಗೂ ಅವರಿಗೆ ಅಡ್ಡಿ ಇದ್ದುದರಿಂದ ಬರಿ ಹಬೆ ತೆಗೆದುಕೊಳ್ಳುತ್ತಿದ್ದರು. ಸಂತೆಯಲ್ಲಿ ನಿಂತು ಕರವಾಡಿನ ವಾಸನೆ ಕುಡಿಯುತ್ತಿದ್ದ ಮೂಗು ಆ ದಿನವೇ ಕೈಕೊಟ್ಟಿತ್ತು.

ಕಾರಿನಲ್ಲಿ ಚಾಮರಾಜನಗರಕ್ಕೆ ಹೊರಟೆವು. ದಾರಿಯುದ್ದಕ್ಕೂ ಅಕ್ಕ ಕಣ್ಣು ಬಿಡಲಿಲ್ಲ. ಮುಂದಿನ ಸೀಟಿನಲ್ಲಿ ರತ್ನಮ್ಮ. ಅವಳು ಕೇಳುವಂತೆ ಡಾಕ್ಟರಿಗೆ ನಾನು ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಅವಳಿಗೆ ತಿಳಿದದ್ದು ಸಂಜೆಯೊಳಗೆ ತಿಗನಾರೆಗೆಲ್ಲ ತಿಳಿದ ಹಾಗೆ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತು ಎಂದಾಗ ಲೆಕ್ಕವೆಲ್ಲ ಮರೆತು, ಮಾತ್ರೆಯ ಹೆಸರು, ಅದು ಯಾವ ಕಾಯಿಲೆಯದು, ತಿಂದದ್ದು ಒಣಮೀನು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಆತ ಅರ್ಧಕ್ಕೇ ಎದ್ದು ನರ್ಸನ್ನು ಕರೆದರು. ಒತ್ತಡ ಇಳಿಸುವ ಔಷಧಿ ಕೊಟ್ಟು, ಮೇಲಿಂದ ಮೇಲೆ ನೋಡುತ್ತಿದ್ದು, ಸಂಜೆಗೆ ಗಂಡಾಂತರ ದಾಟಿತು ಎಂದರು.

ರತ್ನಮ್ಮ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ನನ್ನನ್ನು ಕೇಳಿ ಕೇಳಿ ಎಲ್ಲ ತಿಳಿದುಕೊಂಡಳು. "ತಲೆ ಕೆಟ್ಟಿಲ್ವಾ ಅತ್ಗೆಗೆ?" "ಇಲ್ಲ." "ಮತ್ತೆ ಮಾತ್ರೆ ಯಾಕೆ?" "ಕೆಡಬಾರ್ದು ಅಂತ." ಬಹಳ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಆಮೇಲೆ, "ಊರೋರೆಲ್ಲ ಯಾರೋ ಇಕ್ತಾರೆ ಅಂತಿದ್ರು. ಇಕ್ದೋಳು ನಾನೇ ಆದ್ನಲ್ಲ" ಅಂದಳು. ನನಗೆ ಅವಳನ್ನು ಬೈಯಬೇಕೆಂದಿತ್ತು. ಅವಳ ಪಕ್ಕದಲ್ಲೇ ನೆಲಕ್ಕೆ ಕೂತೆ.

ಕಣ್ಣು ಬಿಟ್ಟ ಅಕ್ಕನಿಗೆ ಮೊದಲು ನೆನಪಾದದ್ದು ಶಾಲೆ. ನಾದಿನಿಯ ಮುಖ ನೋಡಿಯೇ ಗುಟ್ಟು ಒಡೆದಿದೆ ಎಂದು ಅವರಿಗೆ ತಿಳಿದಿತ್ತು. "ಊರಲ್ಲಿ ಏನಂತ ಯೋಳಿಯೇ ರತ್ನಾ?" ಎಂದು ಕೇಳಿದರು. ಅಷ್ಟು ಸಣ್ಣ ಧ್ವನಿ ನಾನು ಅವರಿಂದ ಹಿಂದೆಂದೂ ಕೇಳಿರಲಿಲ್ಲ.

"ಅದ್ನ ನಾ ನೋಡ್ಕತಿನಿ ಬುಡತ್ಗೆ" ಅಂದಳು ಅವಳು. ನನಗೆ ಒಂದಿಷ್ಟೂ ನಂಬಿಕೆ ಇರಲಿಲ್ಲ. ಆ ಗಂಟಲು ನನಗೆ ಗೊತ್ತಿರಲಿಲ್ಲವೇ.

ಊರಿಗೆ ಬಂದ ಮೂರನೆಯ ದಿನ ಬೋರಿನ ಹತ್ತಿರ ನೀರು ಹಿಡಿಯುತ್ತ ರತ್ನಮ್ಮ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ನಾನು ಕಿವಿ ಗಟ್ಟಿಮಾಡಿಕೊಂಡು ಹಿತ್ತಿಲ ಬೇಲಿಗೆ ಬಂದು ನಿಂತೆ. "ನಮ್ಮತ್ಗೆದು ಮಾದಪ್ಪನ ಅರಕೆ ಕಣ್ರವ್ವಾ. ಒಲೆಯಿಂದ ಇಳ್ಸಿದ್ದು ಬುಟ್ರೆ ಬೇರೆ ಉಣ್ಣಂಗಿಲ್ಲ, ಕರವಾಡು ಮುಟ್ಟಂಗಿಲ್ಲ. ಯಾರ್ಗೂ ಯೋಳ್ಬಾರ್ದು ಅಂತ ಇತ್ತು, ಅದ್ಕೆ ಯೋಳಿರ್ಲಿಲ್ಲ. ನಾ ಗೊತ್ತಿಲ್ದೆ ಇಕ್ಬುಟ್ಟೆ, ನೋಡ್ದ್ರಲ್ಲ ಏನಾಯ್ತು ಅಂತ."

ಮುಗಿಯಿತು. ಅಷ್ಟು ವರ್ಷದ ಅನುಮಾನ ಒಂದು ಕೊಡ ತುಂಬುವಷ್ಟರಲ್ಲಿ ಬಗೆಹರಿಯಿತು. ಯಾಕೆ, ಯಾವಾಗಿಂದ, ಯಾವ ಬೇಡಿಕೆಗೆ ಎಂದು ಒಬ್ಬರೂ ಕೇಳಲಿಲ್ಲ. ದೇವರ ಹರಕೆಯನ್ನು ಕೆದಕಿ ಯಾರಿಗೆ ಏನಾಗಬೇಕು? ನನ್ನಂಥವಳು ಸರ್ಟಿಫಿಕೇಟಿಗೆ ನೂರು ಕಾಗದ ಕೇಳುವ ಊರಿನಲ್ಲಿ ಇದಕ್ಕೆ ಒಂದು ಸಾಕ್ಷಿಯೂ ಬೇಕಾಗಲಿಲ್ಲ. ಆಮೇಲೆ ಮದುವೆ ಮನೆಗಳಲ್ಲಿ ಟೀಚರಮ್ಮ ಬಂದರೆಂದರೆ ಯಾರೋ ಒಬ್ಬರು ಒಳಗೆ ಓಡಿ, ಅವರಿಗೆಂದೇ ಹೊಸದಾಗಿ ಒಲೆ ಹಚ್ಚುತ್ತಿದ್ದರು. ಗುಮಟಾಪುರದ ನೆಂಟರೊಬ್ಬರು ಆ ಹರಕೆಯನ್ನು ತಮ್ಮ ಸೊಸೆಗೂ ಕಟ್ಟಿಸಿದರು. ಫಲ ಬಂತೆಂದೂ ಕೇಳಿದೆ. ಶಾಲೆಯಲ್ಲಿ ಕಡಲೆಮಿಠಾಯಿ ಮತ್ತೆ ಶುರುವಾಯಿತು, ಮಕ್ಕಳು ಎರಡೂ ಕೈ ಒಡ್ಡಿದವು.

"ಮಾದಪ್ಪ ಏನನ್ಕತನೋ" ಎಂದು ಅಕ್ಕ ನಗುತ್ತಿದ್ದರು. ರತ್ನಮ್ಮ ಮಾತ್ರ ಅದನ್ನು ನಗೆಯ ವಿಷಯವೆಂದು ಒಪ್ಪಲಿಲ್ಲ. ಅಂದಿನಿಂದ ಅತ್ತಿಗೆಯ ಊಟಕ್ಕೆ ಅವಳೇ ಕಾವಲು. ಎಲ್ಲಿ ಎಲೆ ಹಾಕಿದರೂ ಅಕ್ಕ ಬಾಯಿ ತೆರೆಯುವ ಮೊದಲೇ ರತ್ನಮ್ಮನ ಗಂಟಲು ಏಳುತ್ತಿತ್ತು: "ಇದ್ ಯಾವಾಗ ಮಾಡಿದ್ದು?" ನನ್ನ ಅನುಮಾನ ಕಸುಬಿನದು. ಅವಳದು ಅನುಭವದಿಂದ ಬಂದದ್ದು, ಅದರ ಮುಂದೆ ನನ್ನದು ಏನೂ ಅಲ್ಲ.

ಅಕ್ಕ ಲೆಕ್ಕ ಹೇಳಿಕೊಡುತ್ತಲೇ ರಿಟೈರಾದರು. ಕೊನೆಯ ದಿನ ಬೋರ್ಡಿನ ಮೇಲೆ ಒಂದು ದೊಡ್ಡ ಲೆಕ್ಕ ಬರೆದು, ಕೊನೆಯ ಸಾಲಿನ ತನಕ ಮಾಡಿ, ಅಡಿಗೆರೆ ಎಳೆದು ಬಂದೆ ಎಂದು ನನಗೆ ಹೇಳಿದರು. ಬೇರೆ ಯಾರಿಗಾದರೂ ಹೇಳಿದ್ದರೆ ಅದರಲ್ಲೇನಿದೆ ಅನ್ನುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ.

ಹೋದ ಚಳಿಗಾಲ ಜ್ವರವೆಂದು ಮಲಗಿದರು, ಅದು ಶ್ವಾಸಕೋಶಕ್ಕೆ ಇಳಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಇದ್ದದ್ದು ಕೆಲವೇ ದಿನ. ಆ ಮಾತ್ರೆಯಿಂದ ಏನಾದರೂ ಆಯಿತೇ ಎಂದು ನಾನು ಅಲ್ಲಿನ ಡಾಕ್ಟರನ್ನು ಕೇಳಿದೆ. ಅಲ್ಲ ಎಂದರು. ಪ್ರಶ್ನೆಯನ್ನು ತಿರುಗಿಸಿ ಇನ್ನೊಂದು ರೀತಿಯಲ್ಲಿ ಕೇಳಿದೆ. ಆಗಲೂ ಅಲ್ಲ ಎಂದರು. ಆ ಮಾತ್ರೆ ಇಲ್ಲದಿದ್ದರೆ ಇಷ್ಟು ವರ್ಷ ಇರುತ್ತಿದ್ದರೋ ಇಲ್ಲವೋ ಎಂದು ಯಜಮಾನರು ಪಕ್ಕದಿಂದ ಹೇಳಿದರು. ಅದನ್ನು ನಾನು ಅನುಮಾನಿಸಲಿಲ್ಲ.

ಮೊನ್ನೆ ಅವರ ಮೊದಲ ಎಡೆ. ರತ್ನಮ್ಮ ಹಿಂದಿನ ದಿನವೇ ಬಂದು ಕರವಾಡಿನ ಸಾರು ಮಾಡಿ ಮಣ್ಣಿನ ಮಡಕೆಯಲ್ಲಿ ಬಿಟ್ಟಿದ್ದಳು. ಅದು ಅಕ್ಕನ ಮಾವನಿಗೆ ಎಂದುಕೊಂಡಿದ್ದೆ. ಗೋಡೆಗೆ ಅಕ್ಕನ ಫೋಟೋ, ಮುಂದೆ ಎಲೆ, ಎಲೆಯ ತುದಿಯಲ್ಲಿ ಯಜಮಾನರು ಇಟ್ಟ ಒಂದು ಬಣ್ಣದ ಸೀಮೆಸುಣ್ಣ. ಅನ್ನ, ಮುದ್ದೆ, ಪಾಯಸ, ಎಲ್ಲದರಿಂದ ಹಬೆ ಏಳುತ್ತಿತ್ತು. ರತ್ನಮ್ಮ ಮಡಕೆಗೆ ಸೌಟು ಹಾಕಿದಳು, ಎತ್ತಿದಳು, ಎಲೆಯ ಮೇಲೆ ತಂದಳು. ಅಲ್ಲೇ ತಡೆದು ಹಿಡಿದಳು.

"ಇಕ್ಲಾ, ಬ್ಯಾಡ್ವಾ?" ಎಂದು ನನ್ನನ್ನು ಕೇಳಿದಳು. "ಈಗ ಮಾತ್ರೆ ನುಂಗದಿಲ್ವಲ್ಲ. ಅವ್ರವ್ವ ಮಾಡ್ತಿದ್ದಂಗೇ ಒಂದ್ ರಾತ್ರಿ ಬುಟ್ಟಿವ್ನಿ. ಈಗ್ಲಾರ ಉಣ್ಬೋದಲ್ವಾ?"

ನನ್ನ ಕಡೆಯೇ ನೋಡುತ್ತಿದ್ದಾಳೆ, ಯಜಮಾನರೂ ನೋಡುತ್ತಿದ್ದಾರೆ. ನನಗೆ ಆಗಲೂ ಒಂದು ಕ್ಷಣ ಅನುಮಾನ ಬಂತು ಎಂದರೆ ನಂಬಿ. ಆಮೇಲೆ ತಾಳವಾಡಿ ಸಂತೆಯಲ್ಲಿ ನಿಂತಿರುತ್ತಿದ್ದ ಅವರ ಮೂಗು ನೆನಪಾಯಿತು, ಅಳು ಬಂತು. "ಇಕ್ಕು" ಅಂದೆ.

ಅವಳು ಇಕ್ಕಲಿಲ್ಲ. ಸೌಟನ್ನು ಹಾಗೇ ಹಿಡಿದುಕೊಂಡು, ಫೋಟೋದ ಹತ್ತಿರಕ್ಕೆ ಬಗ್ಗಿ, ಆ ಗಂಟಲಿನಿಂದ ಬರಬಹುದೆಂದು ನಾನು ಎಣಿಸಿಯೇ ಇರದಷ್ಟು ಮೆಲ್ಲಗೆ ಮಾತಾಡಿದಳು.

"ಇದು ನೆನ್ನೆದು ಕಣತ್ಗೆ. ಕರವಾಡು. ಈ ಸಲ ಯೋಳ್ಬುಟ್ಟೇ ಇಕ್ತಾ ಇವ್ನಿ."